ರಾಚಪ್ಪನವರು ಸೋಸಿದ ಎಣ್ಣೆ

ರಾಚಪ್ಪನವರ ಕೈಗೆ ಗಾಜಿನ ಲೋಟದಲ್ಲಿ ಏನನ್ನೇ ಕೊಡಿ, ಮೊದಲು ಅದನ್ನು ಬೆಳಕಿಗೆ ಹಿಡಿಯುತ್ತಾರೆ. ನೀರಿರಲಿ, ಮದುವೆಮನೆಯ ಶರಬತ್ತಿರಲಿ, ಹುಬ್ಬಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಗಳಿಗೆಯ ಕಾಲ ನಿಶ್ಚಲವಾಗಿ ನಿಂತು, ಆಮೇಲಷ್ಟೇ ತುಟಿಗೆ ತರುತ್ತಾರೆ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತೆರಡು ವರ್ಷ ಕಬ್ಬಿನ ಹಾಲಿನ ಶುದ್ಧಿಯನ್ನು ಅಳೆದ ಕಣ್ಣು ಅದು. ನಿವೃತ್ತಿ ಅವರಿಗೆ ಬಂದರೂ ಆ ಕಣ್ಣಿಗೆ ಬರಲಿಲ್ಲ. ಕಾರ್ಖಾನೆಯ ಬಿಳಿ ಕೋಟನ್ನೂ ಅವರು ಬಿಡಲಿಲ್ಲ. ಅದರ ಐದು ಗುಂಡಿಗಳು ಐದು ಬಣ್ಣದವು, ಎಲ್ಲವೂ ಅವರ ಹೆಂಡತಿ ಶಿವವ್ವನವರು ಹಚ್ಚಿದವು. ನಡೆಯುವಾಗ ಎರಡೂ ಕೈಗಳನ್ನು ಮೈಯಿಂದ ತುಸು ದೂರ ಹಿಡಿಯುತ್ತಾರೆ, ತುಂಬಿದ ಪಾತ್ರೆಯೊಂದನ್ನು ತುಳುಕದಂತೆ ಒಯ್ಯುವವರ ಹಾಗೆ.

ಮುಧೋಳದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಜಮಖಂಡಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ರಸಾಯನದ ಗಂಧಗಾಳಿ ಇಲ್ಲದವನು. ಅವರು ಖಾನಾವಳಿ, ಭಜಿ ಅಂಗಡಿಗಳಿಂದ ಕರಿದು ಕಪ್ಪಾದ ಎಣ್ಣೆಯನ್ನು ತಂದು, ಕಾಯಿಸಿ, ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ, ಹಿತ್ತಲಲ್ಲಿ ಬಯೋಡೀಸೆಲ್ ಮಾಡತೊಡಗಿದಾಗ, ಓಣಿಯ ಎಲ್ಲರೊಂದಿಗೆ ನಾನೂ ನಕ್ಕವನೇ.

“ಭಜಿ ಕರದ ಎಣ್ಣ್ಯಾಗ ಟ್ರ್ಯಾಕ್ಟರ್ ಓಡಸ್ತೀರೇನ್ರಿ?” ಎಂದು ಒಮ್ಮೆ ಕೇಳಿದೆ.

“ಓಡತೈತ್ರಿ ಸರ. ಸ್ವಚ್ಛ ಇದ್ರ ಓಡತೈತಿ,” ಎಂದರು.

ಮೊದಲ ಸಲ ಅದು ಸ್ವಚ್ಛವಿರಲಿಲ್ಲ. ರನ್ನ ಬೆಳಗಲಿಯ ಸೋಮಲಿಂಗ ಎಂಬ ರೈತ ನಂಬಿಕೆಯಿಂದ ಒಂದು ಡಬ್ಬಿ ಒಯ್ದು ತನ್ನ ಟ್ರ್ಯಾಕ್ಟರಿಗೆ ಹಾಕಿದ. ಕಾಸ್ಟಿಕ್ ಸೋಡಾ ಬೆರೆತಾಗ ಹುಟ್ಟುವ ಸಾಬೂನಿನ ಅಂಶ ಆ ಎಣ್ಣೆಯಲ್ಲಿ ಕಣ್ಣಿಗೆ ಕಾಣದಂತೆ ಉಳಿದಿತ್ತು. ಜಿಗುಟು ಕಟ್ಟಿಕೊಂಡು ಎಂಜಿನ್ನಿನ ಡೀಸೆಲ್ ಪಂಪು ಹಿಡಿದು ನಿಂತಿತು, ಅದೂ ಕಬ್ಬು ಕಡಿದು ಸಾಗಿಸುವ ಹಂಗಾಮಿನ ನಡುವೆ. ಸುದ್ದಿ ತಿಳಿದ ದಿನವೇ ರಾಚಪ್ಪನವರು ಬಸ್ಸು ಹತ್ತಿ ಹೋಗಿ, ಅವನ ಮನೆಮಂದಿಯೆದುರು ನಿಂತು, “ತಪ್ಪು ನಂದ ಐತ್ರಿ, ಅವಸರ ಮಾಡಿದೆ” ಎಂದರಂತೆ. ಪಂಪನ್ನು ತಾವೇ ಜಮಖಂಡಿಗೆ ಹೊತ್ತೊಯ್ದು ದುರಸ್ತಿ ಮಾಡಿಸಿ ತಂದರು. ಸೋಮಲಿಂಗ ಬಯ್ಯಲಿಲ್ಲ. “ಹಿರ್ಯಾರದೀರಿ, ಏನ್ ಅನ್ಲಿ? ಇನ್ನ ಯಾರಿಗೂ ಕೊಡಬ್ಯಾಡ್ರಿ,” ಎಂದಷ್ಟೇ ಹೇಳಿದ. ಬೈಗುಳಕ್ಕಿಂತ ಆ ಮಾತು ಆಳಕ್ಕಿಳಿಯಿತು.

ಎಣ್ಣೆಯನ್ನು ನೀರಿನಲ್ಲಿ ತೊಳೆದು ಸಾಬೂನು ತೆಗೆಯಲು ನೋಡಿದರು. ತೊಳೆದ ನೀರು ಹಾಲಿನಂತೆ ಬೆಳ್ಳಗಾಗಿ, ಅದನ್ನು ಚೆಲ್ಲಿದ ಕಡೆ ಶಿವವ್ವನವರ ಕರಿಬೇವಿನ ಗಿಡ ಒಣಗಿತು. “ಗಿಡಾ ಕೊಂದ್ರಿ. ಇನ್ನ ಈ ನೀರು ನನ್ನ ಹಿತ್ತಲದಾಗ ಬೀಳಬಾರದು,” ಎಂದು ಆಕೆ ಕಟ್ಟಾಜ್ಞೆ ಮಾಡಿದರು. ನೀರಿಲ್ಲದೆ ತೊಳೆಯುವುದು ಹೇಗೆಂಬ ಚಿಂತೆಯಲ್ಲಿದ್ದಾಗ, ಮಂಚದ ಕಾಲು ಸರಿಪಡಿಸಲು ಬಡಿಗ ಪರಸಪ್ಪನ ಅಂಗಡಿಗೆ ಹೋದರು. ಪರಸಪ್ಪ ಗ್ರೀಸು ಮೆತ್ತಿದ ಕೈಯನ್ನು ಕೆಳಗೆ ಬಿದ್ದಿದ್ದ ಕಟ್ಟಿಗೆ ಸುರುಳಿಗಳಿಂದ, ಎಂದರೆ ರಂದಾ ಹೊಡೆಯುವಾಗ ಉದುರುವ ತೆಳುವಾದ ಸಿಪ್ಪೆಗಳಿಂದ, ತಿಕ್ಕಿ ಒರೆಸಿಕೊಳ್ಳುತ್ತಿದ್ದ. “ಜಿಗಿ ಏನಿದ್ರೂ ಇದು ಎಳಕೋತೈತ್ರಿ,” ಎಂದ. ಆ ದಿನ ರಾಚಪ್ಪನವರು ಮಂಚದ ಕಾಲನ್ನು ಅಲ್ಲೇ ಮರೆತು, ಒಂದು ಚೀಲ ಸುರುಳಿ ಹೊತ್ತು ಮನೆಗೆ ಬಂದರು.

ಗುಜರಿಯಿಂದ ತಂದ ಎದೆಯೆತ್ತರದ ಉಕ್ಕಿನ ಕೊಳವೆ, ಅದರ ತಳಕ್ಕೊಂದು ನಲ್ಲಿ, ನಲ್ಲಿಯ ಮೇಲೆ ಬನಹಟ್ಟಿಯ ಮಗ್ಗದ ಬಿಳಿ ಬಟ್ಟೆ ಮೂರು ಮಡಿಕೆ, ಅದರ ಮೇಲೆ ಕಂಠದವರೆಗೆ ಕಟ್ಟಿಗೆ ಸುರುಳಿ: ಅವರ ಸೋಸುಯಂತ್ರ ಇಷ್ಟೇ. ಆದರೆ ಇಷ್ಟನ್ನು ಪಳಗಿಸಲು ಎರಡು ವರ್ಷ ಬೇಕಾಯಿತು. ಜಾಲಿಯ ಸುರುಳಿ ಎಣ್ಣೆಯನ್ನು ಚಹಾದ ಬಣ್ಣಕ್ಕೆ ತಿರುಗಿಸಿತು. ತೇಗ ತನ್ನದೇ ಜಿಡ್ಡನ್ನು ಬಿಟ್ಟಿತು. ಕಡೆಗೆ ಮಾವು ಒಗ್ಗಿತು. ಸಡಿಲವಾಗಿ ತುಂಬಿದರೆ ಎಣ್ಣೆ ತನಗೊಂದು ಕಳ್ಳದಾರಿ ಮಾಡಿಕೊಂಡು ಹಾಗೆಯೇ ಇಳಿಯುತ್ತಿತ್ತು, ಬಿಗಿದರೆ ದಿನಗಟ್ಟಲೆ ಹನಿಯೂ ಬೀಳುತ್ತಿರಲಿಲ್ಲ. ಇಳಿದದ್ದಕ್ಕೆ ಸಮನಾಗಿ ನೀರು ಬೆರೆಸಿ ಬಾಟಲಿಯಲ್ಲಿ ಕುಲುಕುವರು. ನೊರೆಯ ಒಂದು ಗೆರೆ ಕಂಡರೂ “ಇನ್ನೂ ಸಾಬೂನ ಐತಿ” ಎಂದು ತಮಗೆ ತಾವೇ ಹೇಳಿಕೊಂಡು ಮತ್ತೆ ಮೊದಲಿನಿಂದ ಸುರುಮಾಡುವರು. ಎಣ್ಣೆ ಸ್ವಚ್ಛವಾಗತೊಡಗಿದ ಮೇಲೂ ಯಾರಿಗೂ ಒಂದು ತೊಟ್ಟು ಕೊಡಲಿಲ್ಲ.

ಘಟಪ್ರಭೆ ಉಕ್ಕಿ ಮುಧೋಳವನ್ನು ಹೊಕ್ಕ ಶ್ರಾವಣದಲ್ಲಿ ನನ್ನ ಮಗಳು ಉಜ್ವಲಾ ಏಳು ತಿಂಗಳಿಗೇ ಹಡೆದಳು. ಅಂಗೈಯಗಲದ ಹೆಣ್ಣುಕೂಸು ಡಾಕ್ಟರ್ ಮಧುಮತಿಯವರ ಚಿಕ್ಕ ಆಸ್ಪತ್ರೆಯಲ್ಲಿ, ಮೈ ಬೆಚ್ಚಗಿಡುವ ಯಂತ್ರದೊಳಗೆ ಮಲಗಿತ್ತು. ಊರಿಗೆಲ್ಲ ಕರೆಂಟು ಹೋಗಿತ್ತು, ಸೇತುವೆ ಮುಳುಗಿತ್ತು, ಡೀಸೆಲ್ ಬಂಕುಗಳಲ್ಲಿ ನೀರು ನಿಂತಿತ್ತು. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಕರೆದು, “ಜನರೇಟರ್ ಮಧ್ಯಾಹ್ನದ ತನಕ ನಡೀತೈತ್ರಿ, ಮುಂದ ಡೀಸೆಲ್ ಇಲ್ಲ” ಎಂದರು. ನಕ್ಕಿದ್ದ ನಾನೇ ಮೊಣಕಾಲುಮಟ್ಟದ ನೀರು ತುಳಿದು ರಾಚಪ್ಪನವರ ಬಾಗಿಲಿಗೆ ಹೋದೆ.

ವಿಷಯ ಹೇಳಿದಾಗ ಅವರು ಸೋಸಿಟ್ಟಿದ್ದ ಮೂರು ದೊಡ್ಡ ಡಬ್ಬಿಗಳತ್ತ ನೋಡಿದರು. “ಸರ, ಸೋಮಲಿಂಗಂದು ಟ್ರ್ಯಾಕ್ಟರ್ ಇತ್ತು. ಇದು ಕೂಸು,” ಎಂದರು.

ಒಳಗಿನಿಂದ ಶಿವವ್ವನವರು ಕೇಳಿದರು: “ಮತ್ತ ಎರಡು ವರ್ಷ ಯಾತಕ್ ಸೋಸಿದ್ರಿ?”

ರಾಚಪ್ಪನವರು ಎದ್ದು ಮೂರು ಡಬ್ಬಿಗಳಿಂದಲೂ ಎಣ್ಣೆ ತೆಗೆದು ಬಾಟಲಿಯಲ್ಲಿ ಕುಲುಕಿದರು. ಮೂರರಲ್ಲೂ ನೀರು ತಿಳಿಯಾಗಿ ಕೆಳಗಿಳಿಯಿತು. ಕೋಟು ತೊಟ್ಟರು. ಓಣಿಯ ತುದಿಯಲ್ಲಿ ನೆರೆಗೆ ಸಿಕ್ಕವರನ್ನು ಸಾಗಿಸುತ್ತಿದ್ದ ಟ್ರ್ಯಾಕ್ಟರುಗಳಲ್ಲಿ ಒಂದು ಸೋಮಲಿಂಗನದೇ ಆಗಿತ್ತು. ಅವನು ಡಬ್ಬಿಗಳನ್ನು ಕಂಡು ಎಂಜಿನ್ ಆರಿಸಿದ. ಬಳಿಕ ಕೆಳಗಿಳಿದು, ಒಂದೊಂದಾಗಿ ತಾನೇ ಎತ್ತಿಟ್ಟ. “ಹತ್ರಿ,” ಎಂದ.

ಇದ್ದ ಡೀಸೆಲ್‌ಗೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ರಾಚಪ್ಪನವರು ಜನರೇಟರಿನ ಪಕ್ಕದಲ್ಲಿ ಕುಳಿತುಬಿಟ್ಟರು. ಮರುದಿನ ಮಧ್ಯಾಹ್ನ ಎಂಜಿನ್ ಕೆಮ್ಮಿ ನಿಂತಿತು. ಡಾಕ್ಟರು ಕೂಸನ್ನು ತೆಗೆದು ಉಜ್ವಲಾಳ ಬರಿಯ ಎದೆಯ ಮೇಲೆ ಮಲಗಿಸಿ ಕಂಬಳಿ ಹೊದಿಸಿದರು. ರಾಚಪ್ಪನವರ ಮುಖ ಬೂದಿಯಾಗಿತ್ತು. ಎಂಜಿನ್ನಿನ ಫಿಲ್ಟರ್ ಬಿಚ್ಚಿ, ಅದರೊಳಗಿನ ಕರಿಯ ಕೆಸರನ್ನು ಬೆರಳಲ್ಲಿ ತೀಡಿ, ಮೂಸಿ, “ಇದು ನಂದಲ್ರಿ. ಟ್ಯಾಂಕಿನ ಹಳೇ ಹೊಲಸು, ನಮ್ಮೆಣ್ಣಿ ತೊಳದು ತಂದೈತಿ,” ಎಂದರು. ಆಸ್ಪತ್ರೆಯಲ್ಲೇ ಇದ್ದ ಹೊಸ ಫಿಲ್ಟರ್ ಹಾಕಿದ ಮೇಲೆ ಎಂಜಿನ್ ಮತ್ತೆ ನಿಲ್ಲಲಿಲ್ಲ. ಎರಡು ದಿನಗಳ ಬಳಿಕ ಕರೆಂಟು ಬರುವವರೆಗೂ ನಡೆಯಿತು.

ಆ ಕೂಸು ಅಕ್ಷತಾ ಈಗ ಶಾಲೆಗೆ ಹೋಗುತ್ತಾಳೆ, ಗೋಡೆಯಾಚೆಯ ಅಜ್ಜನಿಗೆ ಮಗ್ಗಿ ಒಪ್ಪಿಸಿ ಬರುತ್ತಾಳೆ. ನೆರೆ ಇಳಿದ ಮೇಲೆ ಶಾಲು, ಹಣ್ಣು ಹಿಡಿದು ನಾನು ಹೋದಾಗ ರಾಚಪ್ಪನವರಿಗೆ ಸಂಕೋಚವಾಯಿತು. “ಶಾಲು ಪರಸಪ್ಪಗ ಹೊಚ್ಚರಿ, ಕಟ್ಟಿಗಿ ಅವಂದು,” ಎಂದರು. ಖಾಲಿ ಡಬ್ಬಿ ಹಿಡಿದು ಬಂದ ಸೋಮಲಿಂಗನನ್ನು ಮಾತ್ರ ಒಂದು ವಾರ ಕಾಯಿಸಿ, ಇನ್ನೊಮ್ಮೆ ಸೋಸಿಯೇ ಕೊಟ್ಟರು.

ತಪ್ಪು ಯಾರಿಂದಲೂ ಆಗುತ್ತದೆ. ನಾವು ಹೆಚ್ಚಿನವರು ಅದನ್ನು ಮರೆಯುತ್ತೇವೆ, ಇಲ್ಲವೇ ಅದಕ್ಕೆ ಹೆದರಿ ಕೆಲಸವನ್ನೇ ಬಿಡುತ್ತೇವೆ. ಕೆಲವರು ಮಾತ್ರ ತಮ್ಮ ತಪ್ಪಿನ ಪಕ್ಕದಲ್ಲೇ ಕುಳಿತು, ನಗುವವರನ್ನು ನಗಲು ಬಿಟ್ಟು, ಅದು ತಿಳಿಯಾಗುವವರೆಗೆ ಏಳುವುದಿಲ್ಲ. ಅವರ ದುಡಿಮೆ ಯಾರ ಪಾಲಿಗೆ ಒದಗುವುದೆಂದು ಅವರಿಗೆ ತಿಳಿದಿರುವುದಿಲ್ಲ. ಅದು ಒದಗಿಬಂದವರಿಗೆ, ಅಂಥವರು ಗೋಡೆಯಾಚೆಯೇ ಇದ್ದರೆಂಬುದು ಬಹಳ ತಡವಾಗಿ ತಿಳಿಯುತ್ತದೆ. ನನಗೆ ತಿಳಿದದ್ದು ತಡವಾಗಿಯೇ; ಆದರೂ ಹೊತ್ತು ಮೀರುವ ಮುನ್ನ ತಿಳಿಯಿತು.