ದರ್ಜಿ ಬಾಯಿ ಹೊಲಿದ ಚೀಲ

ಮಳೆಗಾಲದ ನಡುವಿನ ದಿನ, ಬೆಳಗ್ಗೆ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತು. ಹೊಳೆ ನೀರು ನಮ್ಮ ಬೀದಿಗೆ ನುಗ್ಗಿತು. ನಮ್ಮ ಎದುರು ಮನೆಯ ದರ್ಜಿ ಹೊಲಿಗೆ ಯಂತ್ರ ತಲೆ ಮೇಲೆ ಹೊತ್ತು ಓಡಿದ. ಹೆಂಡತಿ ಗಿರಾಕಿಗಳ ಬಟ್ಟೆ ಗಂಟು ಹೊತ್ತಳು. ಅವನ ತಾಯಿಗೆ ದಮ್ಮಿನ ಕಾಯಿಲೆ. ಆಕೆಯ ಉಸಿರಿನ ಪಂಪು ಮಾತ್ರ ಕಿಟಕಿಯ ಮೇಲೇ ಉಳಿಯಿತು.

ಎತ್ತರದ ಶಾಲೆ ಸೇರಿದ ಮೇಲೆ ಆಕೆಗೆ ಉಸಿರು ಕಟ್ಟಿತು, ತುಟಿ ನೀಲಿಯಾಯಿತು. ದರ್ಜಿಯ ತಂಗಿ ಆಸ್ಪತ್ರೆಯಲ್ಲಿ ನರ್ಸು. ಅವಳು ದೋಣಿಯವರ ಕೈಕಾಲು ಹಿಡಿದು ಔಷಧಿ ತರಿಸಿದಳು. ಜೀವ ಉಳಿಯಿತು, ಅಷ್ಟೇ.

ನೀರು ಇಳಿಯಿತು. ಮನೆಯ ಕೆಸರು ತೊಳೆಯುವಾಗಲೇ ತಂಗಿ ಹಟ ಹಿಡಿದಳು.

“ಅಣ್ಣ, ಒಂದು ಚೀಲ ಹೊಲಿ. ಎದ್ದು ಓಡೋ ಹೊತ್ತಿಗೆ ಬೇಕಾದ್ದೆಲ್ಲ ಅದರಲ್ಲಿರಲಿ.”

“ಹೊಳೆ ಏನು ನೆಂಟರ ಥರ ಪದೇ ಪದೇ ಬರುತ್ತಾ? ಸುಮ್ನಿರು.”

“ಬರೋ ಮುಂಚೆ ಫೋನ್ ಮಾಡುತ್ತಾ? ಅಮ್ಮನ ತುಟಿ ನೋಡಿದ್ಯಲ್ಲ.”

ದರ್ಜಿ ನೀರು ಒಳಗಿಳಿಯದ ಬಟ್ಟೆ ತೆಗೆದು ಅಂದೇ ಚೀಲ ಹೊಲಿದ. ಮೊದಲು ಅಮ್ಮನ ಇನ್ನೊಂದು ಪಂಪು, ಡಾಕ್ಟರ ಚೀಟಿ ಒಳಗೆ ಹೋದವು. ಆಮೇಲೆ ಕುಡಿಯುವ ನೀರು, ಬಿಸ್ಕತ್ತು, ಟಾರ್ಚು, ಸೆಲ್ಲು, ಸೀಟಿ, ಗಾಯಕ್ಕೆ ಪಟ್ಟಿ, ಒಣ ಬಟ್ಟೆ. ಮನೆ ಕಾಗದಗಳ ನಕಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರು. ಈ ಸಡಗರದಲ್ಲಿ ದರ್ಜಿ ದೊಡ್ಡ ಕತ್ತರಿ, ಇಸ್ತ್ರಿ ಪೆಟ್ಟಿಗೆಯನ್ನೂ ತುರುಕಿದ.

“ಎತ್ತು ನೋಡೋಣ,” ಅಂದಳು ತಂಗಿ. ಚೀಲ ಮೇಲೇಳಲೇ ಇಲ್ಲ.

“ನೆರೇಲಿ ಯಾರಿಗೆ ಇಸ್ತ್ರಿ ಮಾಡ್ತೀಯೋ, ಮೀನಿಗಾ?” ಅಂದಳು ತಾಯಿ. ಇಸ್ತ್ರಿ ಪೆಟ್ಟಿಗೆ, ಕತ್ತರಿ ಎರಡೂ ಹೊರಗೆ ಬಂದವು.

ಕೆಲವು ವಾರ ಕಳೆದು ತಂಗಿ ಬಂದು ಚೀಲ ತೆರೆದಳು.

“ಟಾರ್ಚ್ ಎಲ್ಲಿ ಅತ್ತಿಗೆ?”

“ಕರೆಂಟ್ ಹೋಗಿತ್ತಲ್ಲ, ತಗೊಂಡೆ.”

“ಬಿಸ್ಕತ್ತು?”

ದರ್ಜಿ ಗೋಡೆ ನೋಡತೊಡಗಿದ.

“ಪಂಪು?”

“ಹಳೇದು ಖಾಲಿಯಾಗಿತ್ತು, ಅದಕ್ಕೇ…” ಅಂದಳು ತಾಯಿ.

ಇವತ್ತೇ ನೀರು ಬಂದಿದ್ದರೆ? ದರ್ಜಿ ಎದ್ದು ಹೋಗಿ ಎಲ್ಲ ತಂದ, ಮತ್ತೆ ತುಂಬಿದ. ಆಮೇಲೆ ಸೂಜಿ ಹಿಡಿದು ಚೀಲದ ಬಾಯಿಗೆ ಕಚ್ಚಾ ಹೊಲಿಗೆ ಹಾಕಿದ. ಅಳತೆ ನೋಡಲು ದರ್ಜಿಗಳು ಹಾಕುವ ಸಡಿಲ ಹೊಲಿಗೆ ಅದು. ದಾರದ ತುದಿ ಎಳೆದರೆ ಸರ್ರನೆ ಬಿಚ್ಚುತ್ತದೆ.

“ಅವಸರಕ್ಕೆ ಒಂದೇ ಎಳೆತ. ಕದ್ದು ತೆಗೆದರೆ ಮಾತ್ರ ನನಗೆ ಗೊತ್ತಾಗುತ್ತೆ. ನಾನೇ ತಿಂದರೂ ಅಷ್ಟೇ!” ಅಂದ.

ತಿಂಗಳಿಗೊಮ್ಮೆ ತಾನೇ ಬಿಚ್ಚಿ ಔಷಧಿ, ಬಿಸ್ಕತ್ತಿನ ತಾರೀಖು ನೋಡುತ್ತಿದ್ದ. ನೀರು ಬದಲಿಸಿ ಮತ್ತೆ ಹೊಲಿಯುತ್ತಿದ್ದ. ಗಿರಾಕಿಯ ಅಂಗಿ ತಡವಾದರೂ ಈ ಕೆಲಸ ತಡವಾಗಲಿಲ್ಲ.

ಮರುವರ್ಷ ಹೊಳೆ ಮತ್ತೆ ಏರಿತು. ಮನೆ ಬಿಟ್ಟು ಎತ್ತರಕ್ಕೆ ಹೋಗಿ ಅಂತ ಮೈಕಿನಲ್ಲಿ ಕೂಗಿದ ಕೂಡಲೇ ದರ್ಜಿ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ತಾಯಿಯ ತೋಳು ಹಿಡಿದು ಹೊರಟ. ದಾರಿಯಲ್ಲಿ ಆಕೆಗೆ ಏದುಸಿರು ಬಂತು. ಅವನು ದಾರ ಎಳೆದು ಪಂಪು ಕೈಗಿಟ್ಟ. ಆಕೆ ಉಸಿರೆಳೆದುಕೊಂಡು, ಸ್ವಲ್ಪ ಸುಧಾರಿಸಿಕೊಂಡು, “ನಡಿಯೋ, ನನ್ನ ಮುಖ ಏನು ನೋಡ್ತೀಯ?” ಅಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರ ಜೀವ ಯಾವ ಔಷಧಿಯ ಮೇಲಿದೆ ಅನ್ನುವುದು ನಿಮಗೇ ಗೊತ್ತು. ಮೊದಲು ಅದನ್ನಿಡಿ, ಮಿಕ್ಕಿದ್ದು ಆಮೇಲೆ. ಚೀಲವನ್ನು ಬಾಗಿಲ ಹತ್ತಿರ ಎತ್ತರದಲ್ಲಿ ನೇತುಹಾಕಿ. ಅದರಿಂದ ಏನಾದರೂ ತೆಗೆದರೆ ಅಂದೇ ತಂದಿಡಿ. ನಾಳೆ ಅನ್ನಬೇಡಿ, ಈಗಲೇ ಎದ್ದು ಒಂದು ಚೀಲ ಹುಡುಕಿ.

ಆ ಸಲ ನಮ್ಮ ಬೀದಿಯಿಂದ ಎಲ್ಲರಿಗಿಂತ ಮೊದಲು ಹೊರಟವಳು ದರ್ಜಿಯ ತಾಯಿ. ಅದೂ ತನ್ನ ಕಾಲ ಮೇಲೇ ನಡೆದುಕೊಂಡು.