ಗಂಟಿನ ಹಲಗೆ

ಆ ರಾಕ್ ಸಂಗೀತದ ಸಭಾಂಗಣ ಮೊದಲು ಸಾಬೂನಿನ ಗೋದಾಮಾಗಿತ್ತು. ಅದಕ್ಕೆ ಹೆಸರು ತಂದದ್ದು ವೇದಿಕೆಯ ನಡುವಿನ ಒಂದು ತೂತು. ನಲವತ್ತು ವರ್ಷದ ಹಿಂದೆ, ಮೊಟ್ಟಮೊದಲ ಕಾರ್ಯಕ್ರಮದಲ್ಲಿ, ಗುಡುಗು ಎಂದು ಅಡ್ಡಹೆಸರಿದ್ದ ಗಾಯಕ ಹಾಡಿನ ಭರದಲ್ಲಿ ಕಾಲು ಅಪ್ಪಳಿಸಿದ. ಹಲಗೆ ಮುರಿದು ಮೊಣಕಾಲವರೆಗೆ ಒಳಗಿಳಿದ. ಪುಣ್ಯಾತ್ಮ ಹಾಡು ಮಾತ್ರ ನಿಲ್ಲಿಸಲಿಲ್ಲ. ಸಿಕ್ಕಿಬಿದ್ದ ಕಾಲಲ್ಲೇ ಇನ್ನೂ ಮೂರು ಹಾಡು ಹಾಡಿದ. ಜನ ಹುಚ್ಚೆದ್ದು ಕುಣಿದರು. ಅಂದಿನಿಂದ ಎಂಥ ದೊಡ್ಡ ಗಾಯಕ ಬಂದರೂ ಮೊದಲು ಬಲಗಾಲನ್ನು ಆ ತೂತಿಗಿಟ್ಟೇ ಮೈಕು ಹಿಡಿಯಬೇಕು.

ಈ ಕಥೆ ಕಿವಿಗೆ ಬಿದ್ದಾಗಲೆಲ್ಲ ಸಭಾಂಗಣದ ಮುದಿ ಬಡಗಿಗೆ ಮೈಯೆಲ್ಲ ಉರಿಯುತ್ತಿತ್ತು. ಗುಡುಗೂ ಇಲ್ಲ, ಸಿಡಿಲೂ ಇಲ್ಲ! ಆ ವೇದಿಕೆ ಕಟ್ಟಿದವನು ಅವನೇ. ಕೊನೇ ಗಳಿಗೆಯಲ್ಲಿ ಒಂದು ಹಲಗೆ ಕಮ್ಮಿಬಿದ್ದು, ನಡುವೆ ಕೊಂಬೆಯ ಗಂಟಿದ್ದ, ಬಿಸಾಕಬೇಕಾದ ಹಲಗೆಯನ್ನೇ ನಾಲ್ಕು ಮೊಳೆ ಹೊಡೆದು ಕೂರಿಸಿದ್ದ. ಗಂಟು ಕಳಚಿತು, ಹಲಗೆ ಮುರಿಯಿತು, ಅಷ್ಟೇ. ಒಬ್ಬ ಕಸುಬುದಾರ ಜೀವಮಾನದಲ್ಲಿ ಮಾಡಿದ ಒಂದೇ ಒಂದು ಕಳಪೆ ಕೆಲಸದ ಮುಂದೆ ಜನ ಸಾಲುಗಟ್ಟಿ ಫೋಟೊ ತೆಗೆಸಿಕೊಂಡರೆ ಅವನ ಜೀವ ಹೇಗೆ ತಡೆದೀತು? ಸತ್ಯ ಗೊತ್ತಿದ್ದದ್ದು ಟಿಕೆಟ್ ಕಿಟಕಿಯಲ್ಲಿ ಕೂರುವ ಅವನ ಹೆಂಡತಿಗೊಬ್ಬಳಿಗೇ.

ಈಗ ನಗರಸಭೆ ಆ ಕಟ್ಟಡ ಕೆಡವಲು ಹೊರಟಿತ್ತು. ಹಳೆಯ ಕಟ್ಟಡಗಳ ಇಲಾಖೆಯ ಅಧಿಕಾರಿ ಬಂದು ನೋಡಿ, ಉಳಿಸಬೇಕೆಂದು ಬರೆದರೆ ಮಾತ್ರ ಉಳಿಗಾಲ.

"ನಾಳೆ ಮೇಡಂ ಬರ್ತಾರೆ. ಎಲ್ಲಾ ಒಪ್ಪ ಮಾಡಿಡಪ್ಪ," ಎಂದು ಮ್ಯಾನೇಜರ್ ಬಡಗಿಗೆ ಹೇಳಿಹೋದ.

ನಲವತ್ತು ವರ್ಷ ಕಾದಿದ್ದ ಅಪ್ಪಣೆ! ಬಡಗಿ ಬಾಗಿಲ ಚಿಲಕ ಸರಿಮಾಡಿದ, ಕುರ್ಚಿ ಕಾಲು ಬಿಗಿಮಾಡಿದ, ಕೊನೆಗೆ ಗಂಟಿನ ಹಲಗೆ ಕಿತ್ತು ಹಿಂದಿನ ಅಂಗಳಕ್ಕೆ ಎಸೆದ. ಅಲ್ಲಿ ತೇಗದ ಹೊಸ ಹಲಗೆ ಕೂರಿಸಿ, ಕೂದಲೂ ತೂರದಂತೆ ಸಂದು ಮುಚ್ಚಿದ.

ಬೆಳಿಗ್ಗೆ ವೇದಿಕೆ ಹತ್ತಿದ ಮ್ಯಾನೇಜರ್ ಹೊಸ ಹಲಗೆ ಕಂಡು ಕಿರುಚಿಕೊಂಡ.

"ಅಯ್ಯೋ ಮನೆಹಾಳ! ಆಯಮ್ಮ ಬರ್ತಿರೋದೇ ಆ ತೂತು ನೋಡೋಕೆ ಕಣಯ್ಯಾ!"

"ನೀವೇ ಒಪ್ಪ ಮಾಡು ಅಂದ್ರಲ್ಲ ಸಾರ್."

"ಒಪ್ಪ ಮಾಡು ಅಂದೆ, ಇತಿಹಾಸಕ್ಕೇ ಮುಚ್ಚಳ ಹಾಕು ಅಂದ್ನಾ?"

ಸರಿ, ಮತ್ತೆ ಮುರಿಯುವ ಕೆಲಸ ಶುರುವಾಯಿತು. ಮ್ಯಾನೇಜರ್ ನೆಗೆದ. ಡ್ರಮ್ಮು ಬಾರಿಸುವ ಡುಮ್ಮ ನೆಗೆದ. ಇಬ್ಬರೂ ಕೈಕೈ ಹಿಡಿದು ನೆಗೆದರು. ಹಲಗೆ ಕಿರ್ ಅನ್ನಲಿಲ್ಲ. ಬಡಗಿಗೆ ಒಳಗೊಳಗೇ ಹಿಗ್ಗು. ಅಷ್ಟರಲ್ಲಿ ಅಧಿಕಾರಿ ಬಾಗಿಲಲ್ಲಿ ನಿಂತಿದ್ದಳು.

"ಮೇಡಂ, ತೂತು... ಸ್ವಲ್ಪ ರಿಪೇರಿಗೆ ಹೋಗಿದೆ," ಎಂದು ಮ್ಯಾನೇಜರ್ ಏದುಸಿರು ಬಿಟ್ಟ.

ಆಕೆ ಫೈಲು ಮುಚ್ಚಿದಳು. "ನೋಡೋಕೇ ಏನಿಲ್ಲ ಅಂದ್ಮೇಲೆ ನಾನು ಏನಂತ ಬರೀಲಿ?"

ಬಡಗಿ ಸುತ್ತಲೂ ಕಣ್ಣಾಡಿಸಿದ. ತಾನು ಕೂರಿಸಿದ ಒಂದೊಂದು ಬಾಗಿಲು, ಹೆಂಡತಿಯ ಕಿಟಕಿ, ಎಲ್ಲವೂ ಮಣ್ಣುಪಾಲು! ಮಾನ ಹೋದರೆ ಹೋಗಲಿ ಎಂದು ಬಾಯಿಬಿಟ್ಟ.

"ಮುಚ್ಚಿದ್ದೂ ನಾನೇ, ತೂತು ಬಿದ್ದಿದ್ದೂ ನನ್ನಿಂದ್ಲೇ ಮೇಡಂ. ಗಂಟಿರೋ ಹಲಗೆ ಹಾಕಿದ್ದೆ. ನಾಚಿಕೆ ತಡೀಲಾರ್ದೆ ಈಗ ಕಿತ್ತುಬಿಟ್ಟೆ."

"ಆ ಹಲಗೆ ಎಲ್ಲಿ?"

ಅವನು ಹಿಂದಿನ ಅಂಗಳಕ್ಕೆ ಓಡಿದ. ಕಸದ ಗಾಡಿ ಬಂದುಹೋಗಿ ಅಂಗಳ ಖಾಲಿ ಖಾಲಿ. ಕಣ್ಣು ತುಂಬಿಕೊಂಡು ಒಳಗೆ ಬಂದರೆ, ಟಿಕೆಟ್ ಕಿಟಕಿಯಿಂದೆದ್ದು ಬಂದ ಹೆಂಡತಿಯ ಕಂಕುಳಲ್ಲಿ ಗಂಟಿನ ಹಲಗೆ.

"ನಿನ್ನೇನೇ ಎತ್ತಿಟ್ಟೆ ಕಣ್ರೀ. ನಿಮ್ಮ ಬುದ್ಧಿ ನಂಗೊತ್ತಿಲ್ವಾ?"

"ಮತ್ತೆ ಬಾಯಿಬಿಟ್ಟು ಹೇಳ್ಬಾರ್ದಿತ್ತೇನೇ?"

"ಒಂದು ದಿನಾನಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ಲಿ ಅಂತ ಸುಮ್ನಿದ್ದೆ."

ಅಧಿಕಾರಿ ಹಲಗೆಯಲ್ಲಿದ್ದ ತೂತಿನ ಅಂಚು ಸವರಿ ನಕ್ಕಳು. "ಉಳಿಸಿ ಅಂತ ಬರೀತೀನಿ. ಗಂಟಿನ ಕಥೆನೂ ಸೇರಿಸ್ತೀನಿ. ಆದ್ರೆ ಯಜಮಾನ್ರೇ, ನನ್ನ ಕಣ್ಣೆದುರಿಗೇ ಇದನ್ನ ವಾಪಸ್ ಹಾಕ್ಬೇಕು."

ಬಡಗಿ ಮಂಡಿಯೂರಿ ಕೂತು ತೇಗದ ಹಲಗೆ ಬಿಚ್ಚಿದ, ಹಳೆಯದನ್ನು ಅದರ ಜಾಗಕ್ಕೆ ಇಳಿಸಿದ. ಅಂದು ನಾಲ್ಕು ಮೊಳೆ ಹೊಡೆದಿದ್ದ ಕಡೆ ಈಗ ಮೂರಿಂಚಿನ ಹದಿನಾರು ಸ್ಕ್ರೂ ಬಿಗಿದ. ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಅವನು ಇನ್ಯಾವ ಹಲಗೆಯನ್ನೂ ಕೂರಿಸಿರಲಿಲ್ಲ.