ಮಾಸ್ಕ್ ಕೇಳುವ ಕಾಯಿಲೆ

“ಮೂಗು ಮುಚ್ಚಿಕೊಳ್ಳೋಕೆ ಒಂದು ಮಾಸ್ಕ್ ಕೇಳಿದೆ ಕಣಮ್ಮ. ಅಷ್ಟಕ್ಕೇ ನಿನ್ನ ಹತ್ರ ಕಳಿಸಿದ್ರು. ನಂಗೆ ತಲೆ ಕೆಟ್ಟಿದ್ಯಾ, ನೀನೇ ನೋಡಿ ಹೇಳು.”

ಹೀಗಂದು ದೊಡ್ಡಕ್ಕ ಮೆಟ್ಟಿಲ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಧಾನವಾಗಿ ಕೂತಳು. ರೋಗಿಗಳನ್ನು ಎತ್ತಿ ಮಲಗಿಸಿ, ಮಲಗಿದವರನ್ನು ಎತ್ತಿ ಕೂರಿಸಿ ಸೊಂಟ ಸವೆಸಿಕೊಂಡ ಆಯಾ ಅವಳು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಅನ್ನುತ್ತಿದ್ದರು. ಡಾಕ್ಟರುಗಳೂ ಅನ್ನುತ್ತಿದ್ದರು, ಕೆಲಸ ಇದ್ದಾಗ.

ಎದುರಿಗೆ ಕೂತಿದ್ದವಳು ಆಸ್ಪತ್ರೆಯ ಕೌನ್ಸೆಲರ್. ಮನಸ್ಸು ನೊಂದವರ ಮಾತು ಕೇಳುವುದು, ಕೇಳಿ ಧೈರ್ಯ ತುಂಬುವುದು ಅವಳ ಕೆಲಸ. ಅದಕ್ಕೆಂದೇ ಓದಿದವಳು. ಆ ಓದಿನಿಂದ ಒಂದು ಚಾಳಿ ಅಂಟಿಕೊಂಡಿತ್ತು. ಯಾರು ಏನೇ ಕೇಳಲಿ, ಉತ್ತರ ಕೊಡಬಾರದು, ತಿರುಗಿ ಇನ್ನೊಂದು ಪ್ರಶ್ನೆ ಕೊಡಬೇಕು. ಮನೆಯಲ್ಲಿ ಗಂಡ ಉಪ್ಪಿನ ಡಬ್ಬಿ ಎಲ್ಲಿ ಅಂದರೂ “ಉಪ್ಪು ಕಮ್ಮಿ ಅನಿಸ್ತಾ?” ಅನ್ನುವಷ್ಟು ಅದು ರಕ್ತಕ್ಕೆ ಇಳಿದಿತ್ತು. ಆಯಾಗಳು, ಕಸ ಗುಡಿಸುವವರು ಸೇರಿ ಅವಳಿಗೆ ಇಟ್ಟ ಹೆಸರು ‘ಏನನಿಸ್ತಮ್ಮ’. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ.

“ಮಾಸ್ಕ್ ಸಿಗಲಿಲ್ಲ ಅಂದಾಗ ನಿಮಗೆ ಏನನಿಸ್ತು ಅಕ್ಕ?”

“ಏನನಿಸುತ್ತೆ? ಮೂಗು ಬರಿದಾಗಿದೆ ಅನಿಸ್ತು.”

ಕೌನ್ಸೆಲರ್‌ಗೆ ನಗು ಬಂತು, ತಡೆದುಕೊಂಡಳು. ದೊಡ್ಡಕ್ಕನ ಮೂಗು ಪೂರ್ತಿ ಬರಿದಾಗಿರಲಿಲ್ಲ. ವಾರದ ಹಿಂದೆ ಕೊಟ್ಟ ಮಾಸ್ಕನ್ನೇ ಅವಳು ದಿನಾ ಒಗೆದು, ಒಣಗಿಸಿ, ಮತ್ತೆ ಹಾಕಿಕೊಂಡು ಬರುತ್ತಿದ್ದಳು. ಒಂದು ಕಡೆಯ ರಬ್ಬರು ಕಿತ್ತುಹೋಗಿ, ಅಲ್ಲಿಗೆ ಗಾಯಕ್ಕೆ ಸುತ್ತುವ ಪಟ್ಟಿಯ ಚೂರು ಕಟ್ಟಿದ್ದಳು. ಒಗೆದೂ ಒಗೆದೂ ಅದು ಈಗ ದೋಸೆ ಹಂಚು ಒರೆಸುವ ಬಟ್ಟೆಯ ಹಾಗಿತ್ತು. ಸೋಂಕಿನ ವಾರ್ಡಿನಲ್ಲಿ ಮೂವರು ಉಸಿರಿಗೆ ಒದ್ದಾಡುತ್ತಿದ್ದರು. ಅವರ ಬಾಯಿ ಒರೆಸುವವಳು, ಬೆನ್ನು ತಿಕ್ಕುವವಳು, ಮಲಮೂತ್ರ ತೆಗೆಯುವವಳು ಇವಳೇ.

ಮೆಟ್ಟಿಲ ಕೆಳಗೆ ಕೌನ್ಸೆಲಿಂಗ್ ಯಾಕೆ ಅಂದರೆ, ಅದೂ ಒಂದು ಕಥೆ. ಕೌನ್ಸೆಲರ್‌ಗೂ ಒಂದು ಕೋಣೆ ಇತ್ತು. ಕಿಟಕಿ ಇತ್ತು, ಮೆತ್ತನೆಯ ಎರಡು ಕುರ್ಚಿ ಇದ್ದವು, ಅಳುವವರಿಗೆ ಕೈಗೆಟಕುವ ಹಾಗೆ ಕಾಗದದ ಕರ್ಚೀಫಿನ ಡಬ್ಬಿ ಇತ್ತು. ರೋಗ ಊರಿಗೆ ಕಾಲಿಟ್ಟ ವಾರದಲ್ಲೇ ಆ ಕೋಣೆ ಗೋದಾಮಾಯಿತು. ಒಳಗೆ ಮಾಸ್ಕಿನ ಪೆಟ್ಟಿಗೆಗಳು ಸೂರಿನ ತನಕ ಜೋಡಿಸಿದ್ದವು. ಬಾಗಿಲಿಗೆ ಬೀಗ, ಕೀಲಿ ಆಡಳಿತಾಧಿಕಾರಿಗಳ ಜೇಬಲ್ಲಿ. ಕೌನ್ಸೆಲರ್ ಕುರ್ಚಿ ಆಚೆಗೆ, ಮೆಟ್ಟಿಲ ಕೆಳಕ್ಕೆ ಬಂದು, ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಿತು. ಮಾಸ್ಕ್ ಕೇಳಿ ಬಂದವರಿಗೆ ಅವಳು ಮಾಸ್ಕ್ ತುಂಬಿದ ಕೋಣೆಯ ಬಾಗಿಲಿಗೇ ಒರಗಿಕೊಂಡು ಸಮಾಧಾನ ಹೇಳುತ್ತಿದ್ದಳು.

ಹಾಗಾದರೆ ಆ ಮಾಸ್ಕುಗಳು ಯಾರಿಗೆ? ಐದನೇ ಮಹಡಿಗೆ. ಅಲ್ಲಿ ರೋಗಿಗಳಿರಲಿಲ್ಲ. ರೋಗ ಬಂದೀತು ಅಂತ ಹೆದರಿದ ಉಳ್ಳವರಿದ್ದರು. ಹೊರಗಡೆ ಗಾಳಿ ಕೆಟ್ಟಿದೆ, ಆಸ್ಪತ್ರೆಯಲ್ಲೇ ಇದ್ದರೆ ಕ್ಷೇಮ ಅಂತ ಕೋಣೆ ಹಿಡಿದು ಕೂತಿದ್ದರು. ಅವರ ಕೋಣೆಗೆ ಚಹಾ ತಗೊಂಡು ಹೋಗುವವರಿಗೆ ಪ್ರತಿ ಸಲವೂ ಹೊಸ ಮಾಸ್ಕ್, ಬಾಗಿಲಲ್ಲೇ ಹಾಕಿಸಿ ಕಳಿಸುತ್ತಿದ್ದರು. ಅವರ ಭಯಕ್ಕೆ ಮರ್ಯಾದೆ ಇತ್ತು. ಅದನ್ನು ಯಾರೂ ಕಾಯಿಲೆ ಅನ್ನುತ್ತಿರಲಿಲ್ಲ.

ಆಡಳಿತಾಧಿಕಾರಿಗಳಿಗೆ ಕೆಲಸಗಾರರು ಇಟ್ಟ ಹೆಸರು ‘ಚಪ್ಪಾಳೆ ಸಾಹೇಬರು’. ಸಂಜೆಯಾದರೆ ಎಲ್ಲರನ್ನೂ ಅಂಗಳಕ್ಕೆ ಕರೆಸಿ, ಸಾಲಾಗಿ ನಿಲ್ಲಿಸಿ, ಅವರವರಿಗೇ ಅವರವರ ಕೈಯಲ್ಲೇ ಚಪ್ಪಾಳೆ ಹೊಡೆಸಿ ಫೋಟೋ ತೆಗೆಸುತ್ತಿದ್ದರು. ಗೋಡೆಗೋಡೆಗೆ ಒಂದು ಆದೇಶವನ್ನೂ ಅಂಟಿಸಿದ್ದರು. ‘ನಿಮ್ಮ ಮನಸ್ಸೇ ನಮಗೆ ಮೊದಲು. ಭಯ ಕಂಡ ಕೂಡಲೇ ಕೈಲಿರುವ ಕೆಲಸ ಬಿಟ್ಟು ಕೌನ್ಸೆಲರ್ ಬಳಿ ಬನ್ನಿ.’ ಪಕ್ಕದಲ್ಲಿ ಸಾಹೇಬರು ನಗುತ್ತಿರುವ ಚಿತ್ರ. ಮೇಲಿನ ಕಚೇರಿಯವರು ಬಂದು ನೋಡಿ ಬೆನ್ನು ತಟ್ಟಿಹೋಗಿದ್ದರು.

ಆದೇಶದಂತೆಯೇ ನಡೆಯಿತು. ಮಾಸ್ಕ್ ಕೇಳಿದವರು, ಕೈಗವಸು ಕೇಳಿದವರು, ರಜೆ ಕೇಳಿದವರು ಎಲ್ಲರನ್ನೂ ಸಾಹೇಬರು ಮೆಟ್ಟಿಲ ಕೆಳಗೆ ಕಳಿಸಿದರು. ಬಟ್ಟೆ ಒಗೆಯುವ ಮನೆಯ ಮುದುಕ ಕೆಮ್ಮಿ ಕೆಮ್ಮಿ ಸತ್ತಾಗ, ಅವನು ನಮ್ಮವನಲ್ಲ, ಗುತ್ತಿಗೆಯವನ ಆಳು ಅಂತ ಆಸ್ಪತ್ರೆ ಕೈ ತೊಳೆದುಕೊಂಡಿತು. ಅವನ ಜೊತೆಯ ಹೆಂಗಸರು ಅತ್ತರು. ಅತ್ತವರನ್ನೂ ಕೌನ್ಸೆಲರ್ ಹತ್ತಿರ ಕಳಿಸಿದರು. ಕಣ್ಣು ಮುಚ್ಚಿ, ಉಸಿರು ನಿಧಾನಕ್ಕೆ ಒಳಗೆ ತಗೊಳ್ಳಿ ಅಂದಳು ಇವಳು. ಅವರಲ್ಲೊಬ್ಬಳು ಕಣ್ಣು ತೆರೆದು, ಇಲ್ಲಿನ ಗಾಳೀನಾ ಅಂತ ಕೇಳಿದಳು.

ದೊಡ್ಡಕ್ಕನಿಗೂ ಹಾಗೇ ಉಸಿರು ಎಳೆಸಿ, ಬಿಡಿಸಿ ಕಳಿಸಿದ ಮೇಲೆ ಸಾಹೇಬರಿಂದ ಕರೆ ಬಂತು.

ಸಾಹೇಬರ ಕೋಣೆಯಲ್ಲಿ ಔಷಧಿಯ ವಾಸನೆಯೇ ಇರಲಿಲ್ಲ. ಕೂತ್ಕೊಳ್ಳಿ ಮೇಡಂ ಅಂದರು, ನೀರು ಕೊಡಿಸಿದರು. ಈ ಸಂಕಟದ ಕಾಲದಲ್ಲಿ ನೀವು ಮಾಡ್ತಿರೋದು ದೊಡ್ಡ ಸೇವೆ ಅಂದರು. ಆಮೇಲೆ ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ವಿಷಯ ತೆಗೆದರು. ಆ ದೊಡ್ಡಕ್ಕ ಬೆಳಗಾದರೆ ಗೋದಾಮಿನ ಮುಂದೆ ನಿಲ್ಲುತ್ತಾಳೆ. ಅವಳನ್ನು ನೋಡಿ ನಾಲ್ಕು ಜನ ನಿಲ್ಲುತ್ತಾರೆ. ಭಯ ಅಂಟುರೋಗ. ಹಾಗಾಗಿ ಅವಳಿಗೆ ಭಯದ ಕಾಯಿಲೆ ಇದೆ, ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಅಂತ ನೀವು ಒಂದು ಸರ್ಟಿಫಿಕೇಟ್ ಕೊಟ್ಟುಬಿಡಿ.

“ಕೆಲಸದಿಂದ ತೆಗೀತೀರಾ ಸಾರ್?”

“ಛೆ, ಛೆ. ವಿಶ್ರಾಂತಿ ಕೊಡ್ತಿದ್ದೀವಿ. ಅವರ ಮನಸ್ಸಿಗೆ ಈಗ ಜಾಗ ಬೇಕು, ಸಮಯ ಬೇಕು. ಇದೆಲ್ಲ ನಿಮ್ಮ ಹತ್ರಾನೇ ಕಲಿತದ್ದಲ್ವಾ ಮೇಡಂ?”

ನಿಜ. ಹೋದ ವರ್ಷ ಅಧಿಕಾರಿಗಳಿಗೆಲ್ಲ ಒಂದು ದಿನದ ತರಬೇತಿ ಕೊಟ್ಟವಳು ಅವಳೇ. ನೊಂದವರ ಜೊತೆ ಹೇಗೆ ಮಾತಾಡಬೇಕು ಅಂತ. ಸಾಹೇಬರು ಒಳ್ಳೆಯ ವಿದ್ಯಾರ್ಥಿ, ಒಂದು ಮಾತೂ ಮರೆತಿರಲಿಲ್ಲ.

ಬಾಗಿಲ ತನಕ ಬಂದು ಬೀಳ್ಕೊಡುತ್ತಾ, ನಿಮ್ಮ ಕಾಂಟ್ರ್ಯಾಕ್ಟ್ ಈ ತಿಂಗಳಿಗೆ ಮುಗಿಯುತ್ತಲ್ವಾ, ಫೈಲು ನನ್ನ ಮೇಜಿನ ಮೇಲೇ ಇದೆ ಅಂದರು. ಹೆದರಿಸುವ ದನಿಯೇ ಅಲ್ಲ. ನೆನಪಿಸುವ ದನಿ.

ಅವಳ ಮನೆ ಒಂದೇ ಕೋಣೆಯದು, ಅದರಲ್ಲೇ ಅಡುಗೆ. ಸಂಜೆ ಹೊತ್ತು ರೋಗಿಗಳ ಮನೆಯವರ ಜೊತೆ ಫೋನಿನಲ್ಲಿ ಮಾತಾಡುವುದೂ ಅವಳ ಕೆಲಸಕ್ಕೇ ಸೇರಿತ್ತು, ಸಂಬಳಕ್ಕೆ ಸೇರಿರಲಿಲ್ಲ. ಹೇಳಿದ್ದು ಮೂರನೆಯವರ ಕಿವಿಗೆ ಬೀಳಬಾರದು ಅನ್ನುವುದು ಆ ವೃತ್ತಿಯ ಮೊದಲ ಪಾಠ. ಮೂರನೆಯವರು ಅವಳ ಅತ್ತೆ, ಎರಡು ಮಾರು ದೂರದಲ್ಲಿ ಸೊಪ್ಪು ಸೋಸುತ್ತಾ ಕೂತಿರುತ್ತಿದ್ದರು. ಮೊದಮೊದಲು ಕೇಳದ ಹಾಗೆ ಇದ್ದರು. ಬರಬರುತ್ತಾ, ಆ ಹುಡುಗಿಗೆ ತವರಿಗೆ ಹೋಗು ಅಂತ ಹೇಳೇ, ಆ ಮುದುಕಪ್ಪಂಗೆ ಮಗನ ಹತ್ರ ಜಾಸ್ತಿ ಗೋಗರೀಬೇಡ ಅನ್ನು ಅಂತ ಕೂತಲ್ಲಿಂದಲೇ ಪರಿಹಾರ ಸೂಚಿಸತೊಡಗಿದರು. ಕೆಲವು ಸಲ ಸೊಸೆ ಅದನ್ನೇ ಸ್ವಲ್ಪ ನಯ ಮಾಡಿ ಹೇಳಿದ್ದೂ ಉಂಟು.

ಅವತ್ತು ಫೋನು ಮುಗಿದ ಮೇಲೆ ಸೊಸೆಯೇ ಅತ್ತೆಯ ಹತ್ತಿರ ಬಂದು ಕೂತು ಸರ್ಟಿಫಿಕೇಟಿನ ವಿಷಯ ಹೇಳಿದಳು. ಬೈದಾರು, ಹಾಗೆಲ್ಲ ಸುಳ್ಳು ಬರೀಬೇಡ ಅಂದಾರು ಅಂತ ಒಳಗೊಳಗೇ ಆಸೆ ಇತ್ತು. ಅತ್ತೆ ಹಾಗೆ ಅನ್ನಲಿಲ್ಲ.

“ಬರ್ಕೊಡೇ. ಮನೇಲಿ ದುಡಿಯೋ ಕೈ ಈಗ ನಿಂದೊಂದೇ. ಶಾಲೆ ಬಾಗಿಲು ತೆಗೆದ್ರೆ ತಾನೆ ನಿನ್ನ ಗಂಡ ಮಕ್ಕಳ ವ್ಯಾನು ಓಡ್ಸೋದು. ಆ ಹೆಂಗಸಿಗೆ ಇನ್ನೊಂದು ಆಸ್ಪತ್ರೆ ಸಿಗುತ್ತೆ.”

“ತಲೆ ಸರಿಯಿಲ್ಲ ಅಂತ ಬರ್ಕೊಟ್ಟ ಮೇಲೆ ಯಾವ ಆಸ್ಪತ್ರೆಯವರು ಸೇರಿಸ್ಕೊಳ್ತಾರೆ ಅತ್ತೆ?”

ಅತ್ತೆ ಸೊಪ್ಪಿನ ಕಡ್ಡಿ ಮುರಿಯುವುದನ್ನು ನಿಲ್ಲಿಸಿದರು. ನನ್ನನ್ನು ಕೇಳಬೇಡ, ನಾನು ಹೊಟ್ಟೆ ನೋಡಿ ಮಾತಾಡೋಳು ಅಂದು ಎದ್ದು ಒಲೆಯ ಹತ್ತಿರ ಹೋದರು. ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಿದ್ದೆ ಬಂದಿರಲಿಲ್ಲ ಅಂತ ಅವನ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಬೆಳಗ್ಗೆ ಕೌನ್ಸೆಲರ್ ತನ್ನ ಕೆಲಸದಲ್ಲಿ ಯಾವತ್ತೂ ಮಾಡದ ಒಂದು ಕೆಲಸ ಮಾಡಿದಳು. ಯಾರೂ ಕಳಿಸದೆ ತಾನೇ ಸೋಂಕಿನ ವಾರ್ಡಿನ ಬಾಗಿಲಿಗೆ ಹೋಗಿ, ದೊಡ್ಡಕ್ಕನನ್ನು ಹೊರಗೆ ಕರೆದು, ಪ್ರಶ್ನೆ ಕೇಳದೆ ಹೇಳಿಬಿಟ್ಟಳು. ಸಾಹೇಬರು ಏನು ಬರೆಸಲು ಹೊರಟಿದ್ದಾರೆ, ಬರೆದರೆ ಏನಾಗುತ್ತದೆ, ಬರೆಯದಿದ್ದರೆ ತನಗೇನಾಗುತ್ತದೆ, ಎಲ್ಲವನ್ನೂ.

ದೊಡ್ಡಕ್ಕ ಕೈಲಿದ್ದ ಬೇಸಿನ್ನನ್ನು ಕೆಳಗಿಟ್ಟಳು.

“ಮಾಸ್ಕ್ ಕೇಳೋದು ಹುಚ್ಚಾ?”

“ಅಲ್ಲ ಅಕ್ಕ.”

“ಮತ್ತೆ ನಿನ್ನೆ ನೀನು ನನ್ನ ಕೈಲಿ ಉಸಿರು ಎಳೆಸಿದ್ದು, ಬಿಡಿಸಿದ್ದು?”

ಇದಕ್ಕೆ ಕೌನ್ಸೆಲರ್ ತಲೆ ತಗ್ಗಿಸಿದಳು. ದೊಡ್ಡಕ್ಕನ ಕಣ್ಣು ಎದುರಿನ ಗೋಡೆಯ ಮೇಲಿತ್ತು. ಅಲ್ಲಿ ಸಾಹೇಬರು ನಗುತ್ತಿದ್ದರು.

“ನಂಗೆ ಓದು ಬರಲ್ಲ. ಅದರಲ್ಲಿ ಏನು ಬರೆದಿದೆ ಸ್ವಲ್ಪ ಓದಮ್ಮ.”

ಓದಿದಳು. ಕೈಲಿರುವ ಕೆಲಸ ಬಿಟ್ಟು ಅನ್ನುವಲ್ಲಿ ದೊಡ್ಡಕ್ಕ ಅವಳನ್ನು ತಡೆದು, ಇನ್ನೊಂದು ಸಲ ಓದಿಸಿದಳು. ಆಮೇಲೆ ಬೇಸಿನ್ ಎತ್ತಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆಲ್ಲ ಮೆಟ್ಟಿಲ ಕೆಳಗೆ ಇಬ್ಬರು ಆಯಾಗಳು ಬಂದು ನಿಂತರು. ಏನಕ್ಕ ಅಂದರೆ, ಭಯ ಆಗ್ತಿದೆ ಅಂದರು. ಹಿಂದೆಯೇ ಬಟ್ಟೆ ಒಗೆಯುವ ಮನೆಯವರು ಒದ್ದೆ ಕೈಯಲ್ಲೇ ಬಂದರು. ಅವರಿಗೂ ಭಯ. ಕಸ ಗುಡಿಸುವವರು ಪೊರಕೆ ಸಮೇತ ಬಂದರು. ಐದನೇ ಮಹಡಿಗೆ ಚಹಾ ಒಯ್ಯುವವರು ಟ್ರೇಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ನಿಂತರು. ನರ್ಸಮ್ಮಂದಿರೂ ಬಂದರು. ಸೋಂಕಿನ ವಾರ್ಡಿನಿಂದ ಮಾತ್ರ ಯಾರೂ ಕದಲಬಾರದು, ಉಸಿರಿಗೆ ಒದ್ದಾಡುವವರನ್ನು ಬಿಟ್ಟು ಬಂದರೆ ಕಾಲು ಮುರೀತೀನಿ ಅಂತ ದೊಡ್ಡಕ್ಕ ಹೇಳಿ, ಅಲ್ಲಿ ತನ್ನ ಬದಲಿಗೆ ಇಬ್ಬರನ್ನು ನಿಲ್ಲಿಸಿ ತಾನು ಕೊನೆಗೆ ಬಂದಳು. ಒಬ್ಬರಿಂದೊಬ್ಬರು ಒಂದು ಮಾರು ದೂರ ಬಿಟ್ಟೇ ನಿಂತರು, ಅದೂ ಗೋಡೆಯ ಮೇಲೆ ಬರೆದದ್ದೇ. ಸಾಲು ಅಂಗಳದಾಚೆಗೆ ಹೋಯಿತು.

ಕೌನ್ಸೆಲರ್ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಳು, ನಿಧಾನವಾಗಿ, ಅವಸರವಿಲ್ಲದೆ. ಓದಿನಲ್ಲಿ ಹೇಳಿದ ಹಾಗೆಯೇ. ಯಾವಾಗಿಂದ ಭಯ, ಯಾತರ ಭಯ. ಉತ್ತರ ಎಲ್ಲರದೂ ಒಂದೇ ಆಗಿತ್ತು, ಮೂಗು ಬರಿದಾಗಿದೆ.

ಮಧ್ಯಾಹ್ನಕ್ಕೆ ಮುಂಚೆಯೇ ಸಾಹೇಬರು ಇಳಿದು ಬಂದರು. ಕಾಲಲ್ಲಿ ಓಟ ಇತ್ತು, ಮುಖದಲ್ಲಿ ಮಾತ್ರ ಗೋಡೆಯ ಮೇಲಿದ್ದದ್ದೇ ನಗು. ಐದನೇ ಮಹಡಿಯವರು ಚಹಾ ಇಲ್ಲ, ಹಾಸಿಗೆ ಬದಲಿಸಿಲ್ಲ ಅಂತ ಗಂಟೆ ಹೊಡೆದೂ ಹೊಡೆದೂ ಸಾಕಾಗಿ, ಒಬ್ಬರು ಪೆಟ್ಟಿಗೆ ಕಟ್ಟುತ್ತಿದ್ದಾರಂತೆ. ಸಾಹೇಬರು ಸಾಲನ್ನು ನೋಡಿದರು. ಬೈಯುವ ಹಾಗಿರಲಿಲ್ಲ. ಅವರದೇ ಆದೇಶ, ಅವರದೇ ಸಹಿ. ಬಗ್ಗಿ ಕೌನ್ಸೆಲರ್ ಕಿವಿಯ ಹತ್ತಿರ ದನಿ ಇಳಿಸಿದರು.

“ಮೇಡಂ, ಇವರಲ್ಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ ಅಂತ ಒಂದು ಸರ್ಟಿಫಿಕೇಟ್ ಕೊಟ್ಟುಬಿಡಿ.”

“ನಿನ್ನೆ ಇದೆ ಅಂದ್ರಲ್ಲ ಸಾರ್.”

“ನಿನ್ನೇದು ಒಬ್ಬಳಿಗೆ. ಅದನ್ನ ಬಿಟ್ಹಾಕಿ.”

ಅವಳು ಹಾಳೆ ತೆಗೆದುಕೊಂಡು ಬರೆದಳು. ಇವರಿಗೆ ಯಾರಿಗೂ ಮನಸ್ಸಿನ ಕಾಯಿಲೆ ಇಲ್ಲ. ಹೆದರಬೇಕಾದ್ದಕ್ಕೆ ಹೆದರಿದ್ದಾರೆ. ಕೆಳಗೆ ದೊಡ್ಡಕ್ಕನ ಹೆಸರನ್ನು ಎಲ್ಲಕ್ಕಿಂತ ಮೊದಲು ಹಾಕಿದಳು. ಸಾಹೇಬರು ಓದಿ, ಆ ಎರಡನೇ ಸಾಲು ಯಾಕೆ ಬೇಕಿತ್ತು ಅಂದರು. ಅದಿಲ್ಲದೆ ಮೊದಲನೇ ಸಾಲು ನಿಲ್ಲಲ್ಲ ಸಾರ್ ಅಂದಳು. ಗಂಟೆ ಮತ್ತೆ ಹೊಡೆಯಿತು. ಸಾಹೇಬರು ಅವಸರದಲ್ಲಿ ಮುದ್ರೆ ಒತ್ತಿಸಿ ಹಾಳೆಯನ್ನು ಎತ್ತಿ ಹಿಡಿದು, ನೋಡಿ, ಎಲ್ಲರೂ ಗಟ್ಟಿಯಾಗಿದ್ದೀರಿ, ಇನ್ನು ಕೆಲಸಕ್ಕೆ ಹೊರಡಿ ಅಂದರು.

ಯಾರೂ ಹೊರಡಲಿಲ್ಲ. ದೊಡ್ಡಕ್ಕ ಸಾಲಿನ ಕೊನೆಯಿಂದಲೇ ಮಾತಾಡಿದಳು.

“ತಲೆ ಸರಿಯಿದೆ ಅಂತ ನೀವೇ ಮುದ್ರೆ ಒತ್ತಿದ್ರಲ್ಲ ಸಾರ್. ಇನ್ನು ಬಾಗಿಲು ತೆಗೀರಿ. ತಲೆ ಸರಿ ಇರೋರು ಮಾಸ್ಕ್ ಕೇಳ್ತಿದ್ದೀವಿ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಮುಖದ ನಗು ಕಳಚಿತು. ಅವರು ಕೌನ್ಸೆಲರ್ ಕಡೆ ತಿರುಗಿದರು. ಈಗ ದನಿಯಲ್ಲಿ ತರಬೇತಿ ಇರಲಿಲ್ಲ.

“ನಿಮ್ಮ ಫೈಲು ಇನ್ನೂ ನನ್ನ ಮೇಜಿನ ಮೇಲೇ ಇದೆ ಮೇಡಂ.”

“ಗೊತ್ತು ಸಾರ್. ಅದಕ್ಕೇ ನಂಗೂ ಭಯ ಆಗ್ತಿದೆ.”

ಅಂದವಳೇ ಎದ್ದು, ಪೆನ್ನಿನ ಮುಚ್ಚಳ ಹಾಕಿ, ಸಾಲಿನುದ್ದಕ್ಕೂ ನಡೆದು ದೊಡ್ಡಕ್ಕನ ಹಿಂದೆ ಒಂದು ಮಾರು ಬಿಟ್ಟು ನಿಂತಳು. ಮೇಲಿನಿಂದ ಗಂಟೆ ಹೊಡೆಯಿತು, ನಿಂತಿತು, ಮತ್ತೆ ಹೊಡೆಯಿತು. ಸಾಹೇಬರು ಸಾಲನ್ನು ಇನ್ನೊಮ್ಮೆ ನೋಡಿ, ಜೇಬಿನ ಕೀಲಿ ತೆಗೆಯದೆಯೇ ಬಗ್ಗಿ, ಒಂದು ಚಹಾದ ಟ್ರೇ ಎತ್ತಿಕೊಂಡರು. ಲಿಫ್ಟಿನವನೂ ಸಾಲಿನಲ್ಲೇ ಇದ್ದ. ಐದು ಮಹಡಿಯನ್ನು ಅವರು ನಡೆದೇ ಹತ್ತತೊಡಗಿದರು. ಲೋಟಗಳು ಒಂದಕ್ಕೊಂದು ತಾಗುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.